ಸಂಪಿಗೆಯ ಒರೆ, ತೊರಕೆಯ ಹಿಡಿ: ಮಂಗಳೂರಿನ ಮಳೆಯಲ್ಲಿ ಒಂದು ಕತಾನ

ಪರೀಕ್ಷೆಗೆ ತೆಗೆದುಕೊಂಡದ್ದು ಆನ್‌ಲೈನ್‌ನಲ್ಲಿ ಸಿಗುವ, ಹರಿತ ಹಾಕದ ಅಭ್ಯಾಸದ ಕತಾನ, ಅಂದರೆ ಜಪಾನಿನ ಸಮುರಾಯ್ ಕತ್ತಿ. ಅಲಗು 1060 ಕಾರ್ಬನ್ ಸ್ಟೀಲ್, ಉದ್ದ 72.5 ಸೆಂ.ಮೀ. ಜಪಾನಿನ ಲೆಕ್ಕದಲ್ಲಿ ಇದು 2 ಶಾಕು 4 ಸುನ್‌ಗೆ ತೀರಾ ಹತ್ತಿರ (1 ಶಾಕು ಅಂದರೆ 30.3 ಸೆಂ.ಮೀ., ಅದರ ಹತ್ತನೇ ಒಂದು ಭಾಗ ಸುನ್). ಹಿಡಿ 26 ಸೆಂ.ಮೀ., ಒರೆ ಬಿಟ್ಟು ತೂಕ 1,050 ಗ್ರಾಂ. 170 ಸೆಂ.ಮೀ. ಆಸುಪಾಸಿನ ಎತ್ತರದವರಿಗೆ ಹೊಂದುವ ಅಳತೆ. ಸುರತ್ಕಲ್ ಕಡೆಯ, ಸಮುದ್ರದ ಗಾಳಿ ನೇರ ಬಡಿಯುವ ಕೋಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟು, ಬಿಚ್ಚಿ, ಅಳೆದು ಬರೆದ ವಿಮರ್ಶೆ ಇದು. ಮೊದಲೇ ಹೇಳಿಬಿಡುವುದಾದರೆ, ಅಲಗಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮರದ ಕೆಲಸ ಮತ್ತು ಅಲಗನ್ನು ಹಿಡಿಯೊಳಗೆ ನಿಲ್ಲಿಸುವ ಗೂಟದ ಕೆಲಸ ಮಾತ್ರ ಕಳಪೆ. ಕತ್ತಿಯನ್ನು ಕೈಗೆತ್ತಿಕೊಂಡವರ ಮತ್ತು ಪಕ್ಕದಲ್ಲಿ ನಿಂತವರ ಸುರಕ್ಷತೆ ಇರುವುದು ಈ ಎರಡರಲ್ಲೇ.

ಅಲಗಿನ ಬೆನ್ನು ನೇರವಾಗಿದೆ, ಎಲ್ಲೂ ತಿರುಚಿಲ್ಲ. ಎರಡೂ ಬದಿಯಲ್ಲಿ ಉದ್ದಕ್ಕೆ ತೋಡಿದ ಕಾಲುವೆಯುಂಟು, ಅದಕ್ಕೆ 'ಹಿ' ಎನ್ನುತ್ತಾರೆ. ಬೀಸುವಾಗ ಅಲಗಿನ ಕೋನ ಸರಿ ಇದ್ದರೆ ಈ ಕಾಲುವೆ ಸುಯ್ಯೆಂದು ಸದ್ದು ಮಾಡುತ್ತದೆ, ಕೋನ ತಪ್ಪಿದರೆ ಸದ್ದು ಕುಂದುತ್ತದೆ. ಕಲಿಯುವವರಿಗೆ ಗುರು ಎದುರಿಗಿಲ್ಲದ ಹೊತ್ತಿನಲ್ಲೂ ತಪ್ಪು ಗೊತ್ತಾಗುವ ಒಂದು ದಾರಿ ಇದು. ಆದರೆ ಮಾರಾಟದ ವಿವರಣೆಯಲ್ಲಿ 'ನಿಜವಾದ ಹಾಮೊನ್' ಎಂದು ಬರೆದದ್ದು ಸುಳ್ಳು. ಹಾಮೊನ್ ಅಂದರೆ ಅಲಗಿನ ಬಾಯಿಯುದ್ದಕ್ಕೆ (ಕತ್ತರಿಸುವ ಅಂಚಿನುದ್ದಕ್ಕೆ) ಕಾಣುವ ಬಿಳಿ ಅಲೆ. ಬೆನ್ನಿಗೆ ದಪ್ಪ, ಬಾಯಿಗೆ ತೆಳು ಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ಬೇಗ ತಣಿದು ಗಟ್ಟಿಯಾಗುತ್ತದೆ, ಬೆನ್ನು ನಿಧಾನ ತಣಿದು ಮೆತ್ತಗುಳಿಯುತ್ತದೆ. ಆ ಎರಡರ ನಡುವಿನ ಗಡಿಯೇ ಹಾಮೊನ್. ಕತಾನದ ಬಾಗು ಬಹುಪಾಲು ಹುಟ್ಟುವುದೂ ಆ ಅದ್ದುವಿಕೆಯಲ್ಲೇ. ಈ ಕತ್ತಿಯಲ್ಲಿರುವುದು ಆಮ್ಲದಿಂದ ಬರೆದ ಗೆರೆ. ಓರೆ ಬೆಳಕಿಗೆ ಹಿಡಿದು ನೋಡಿ: ನಿಜದ್ದರಲ್ಲಿ ಗಡಿಯ ಮೇಲೆ ಮಂಜಿನ ಹನಿಯಂಥ ಸಣ್ಣ ಹೊಳಪಿನ ಕಣಗಳಿರುತ್ತವೆ, ಇದರಲ್ಲಿ ಒಂದೇ ಅಚ್ಚಿನ ಅಲೆ ತುದಿಯವರೆಗೆ ಸಾಗುತ್ತದೆ. ಅಭ್ಯಾಸಕ್ಕೆ ಇದರಿಂದ ಏನೂ ತೊಂದರೆಯಿಲ್ಲ. ಹಾಗಿದ್ದ ಮೇಲೆ ಸುಳ್ಳು ಬರೆಯುವ ಅಗತ್ಯವೂ ಇರಲಿಲ್ಲ.

ಇನ್ನು ಹಿಡಿ. ಮರದ ಮೇಲೆ ತೊರಕೆ ಮೀನಿನ ಚರ್ಮ, ಅದರ ಮೇಲೆ ಹೆಣೆದ ನೂಲಿನ ಪಟ್ಟಿ. ಮಲ್ಪೆ ಬಂದರಿನಲ್ಲಿ ರಾಶಿ ಬೀಳುವ ತೊರಕೆಯ ಬೆನ್ನನ್ನು ಕೈಯಲ್ಲಿ ಸವರಿದವರಿಗೆ ಆ ಹರಳು ಹರಳು ಚರ್ಮವನ್ನು ಇಲ್ಲಿ ಯಾಕೆ ಬಳಸುತ್ತಾರೆ ಎಂದು ಹೇಳಬೇಕಿಲ್ಲ. ಮೇಲಿನ ಪಟ್ಟಿ ಜಾರದ ಹಾಗೆ ಅದು ಕಚ್ಚಿ ಹಿಡಿಯುತ್ತದೆ. ಇಲ್ಲಿರುವುದು ನಿಜವಾದ ಚರ್ಮವೇ, ಆದರೆ ಎರಡು ಬದಿಗೆ ಒಂದೊಂದು ತುಂಡು ಅಂಟಿಸಿದ್ದಾರೆ. ಪಟ್ಟಿ ಹತ್ತಿಯದ್ದು, ಇದು ಒಳ್ಳೆಯದಾಯಿತು. ಸಿಂಥೆಟಿಕ್ ಪಟ್ಟಿ ನಮ್ಮ ಬೆವರಿಗೆ ಜಾರುತ್ತದೆ. ತೊಂದರೆ ಏನೆಂದರೆ, ಪ್ರತಿ ಹೆಣಿಗೆಯ ಅಡಿಗೆ ಇಡಬೇಕಾದ ಕಾಗದದ ಪುಟ್ಟ ತ್ರಿಕೋನಗಳನ್ನು ಒಂದು ಬಿಟ್ಟು ಒಂದಕ್ಕೆ ಇಟ್ಟಿದ್ದಾರೆ. ಹೆಬ್ಬೆರಳಿನಿಂದ ಹೆಣಿಗೆಯನ್ನು ಪಕ್ಕಕ್ಕೆ ಒತ್ತಿದರೆ ಎರಡು ಮಿ.ಮೀ. ಸರಿಯುತ್ತದೆ. ಸರಿಯಾಗಿ ಕಟ್ಟಿದ ಹಿಡಿಯಲ್ಲಿ ಅದು ಕದಲಬಾರದು. ಪಾರ್ಸೆಲ್ ಬಂದ ದಿನವೇ ಇದನ್ನು ಒತ್ತಿ ನೋಡಿ. ಹಿಂದಿರುಗಿಸುವ ಅವಧಿ ಮುಗಿದ ಮೇಲೆ ಒತ್ತಿ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ದೊಡ್ಡ ಕೊರತೆ ಮೆಕುಗಿಯದು. ಅಲಗನ್ನು ಹಿಡಿಯೊಳಗೆ ನಿಲ್ಲಿಸುವುದು ಬೆರಳುದ್ದವೂ ಇಲ್ಲದ ಈ ಗೂಟ. ಇದು ಮುರಿದರೆ ಬೀಸಿದ ಅಲಗು ಹಿಡಿಯಿಂದ ಕಳಚಿ ಎದುರಿನವರ ಕಡೆಗೆ ಹಾರುತ್ತದೆ. ಈ ಕತ್ತಿಗೆ ಹಾಕಿದ್ದು ಯಾವುದೋ ಮೆತ್ತನೆ ಮರದ ಕಡ್ಡಿ. ಉಗುರಿನಲ್ಲಿ ಒತ್ತಿದರೆ ಗುರುತು ಬೀಳುತ್ತದೆ. ಬಿದಿರೇ ಆಗಬೇಕು, ಯಾಕೆಂದರೆ ಬಿದಿರಿನ ನಾರು ಉದ್ದಕ್ಕಿದ್ದು ಬಿರುಕು ಬಿಟ್ಟರೂ ಒಮ್ಮೆಲೇ ತುಂಡಾಗುವುದಿಲ್ಲ. ಕಬ್ಬಿಣದ ಮೊಳೆ ಹಾಕಿದರೆ ಇನ್ನೂ ಕೆಟ್ಟದು: ಅದು ಬಾಗದೆ ಸುತ್ತಲಿನ ಮರವನ್ನೇ ತಿಂದು ತೂತನ್ನು ಅಗಲ ಮಾಡುತ್ತದೆ. ಜಪಾನಿನಲ್ಲಿ ಮೆಚ್ಚುವುದು ಹಳೆ ಮನೆಗಳ ಒಲೆಯ ಮೇಲೆ ವರ್ಷಗಟ್ಟಲೆ ಹೊಗೆ ಕುಡಿದು ಕಂದಾದ ಬಿದಿರನ್ನು. ನಮ್ಮ ಹಳ್ಳಿ ಮನೆಗಳ ಅಡುಗೆಕೋಣೆಯ ಅಟ್ಟದಲ್ಲಿ ಅಂಥ ಬಿದಿರು ಈಗಲೂ ಸಿಗಬಹುದು. ಗಂಟಿಲ್ಲದ ತುಂಡು ತೆಗೆದುಕೊಂಡು, ಒಂದು ತುದಿ ದಪ್ಪ, ಇನ್ನೊಂದು ಸಪೂರ ಬರುವಂತೆ ಚಾಕುವಿನಿಂದ ಕೆತ್ತಿ, ತೂತಿಗೆ ಹಾಕಿ ತಿರುಗಿಸಿ ನೋಡಿ. ಹೊಳಪು ಬಂದ ಜಾಗದಲ್ಲಿ ಮಾತ್ರ ಕೆತ್ತುತ್ತಾ ಹೋಗಿ. ಕೊನೆಯ ಎರಡು ಮೂರು ಮಿ.ಮೀ. ಕೈಯಿಂದ ಒತ್ತಿ ಹೋಗಬಾರದು, ಸಣ್ಣ ಸುತ್ತಿಗೆಯಲ್ಲಿ ತಟ್ಟಿದರೆ ಹೋಗಬೇಕು. ಆಮೇಲೆ ಎರಡೂ ಬದಿಯ ಹೆಚ್ಚುವರಿಯನ್ನು ಹಿಡಿಗೆ ಸಮ ಕತ್ತರಿಸಿ. ತೆಗೆಯುವಾಗ ಯಾವಾಗಲೂ ಸಪೂರ ಬದಿಯಿಂದ ಹೊಡೆಯಿರಿ. ಪ್ರತಿ ಅಭ್ಯಾಸದ ಮೊದಲು ಹೆಬ್ಬೆರಳಿನಿಂದ ಗೂಟವನ್ನು ಒತ್ತಿ ನೋಡುವುದು ಸಮುರಾಯ್ ಶಿಸ್ತಿನ ಭಾಗ. ಪೆಟ್ಟಿಗೆಯಲ್ಲಿ ಬಂದ ಕರಪತ್ರದಲ್ಲಿ ಅದರ ಸುಳಿವೇ ಇಲ್ಲ.

ಆ ಕರಪತ್ರದ ಬಗ್ಗೆಯೂ ಹೇಳಲೇಬೇಕು. 'ಸಮುರಾಯ್‌ಗಳ ಪ್ರಾಚೀನ ಏಳು ಸದ್ಗುಣಗಳ ಸಂಹಿತೆ' ಎಂದು ಚಂದದ ಅಕ್ಷರದಲ್ಲಿ ಅಚ್ಚು ಮಾಡಿದ್ದಾರೆ. ಅಂಥ ಒಂದೇ ಲಿಖಿತ ಸಂಹಿತೆ ಸಮುರಾಯ್‌ಗಳ ಕಾಲದಲ್ಲಿ ಇರಲಿಲ್ಲ. ಹಳೆಯ ಯೋಧರು ತಮ್ಮ ನಡತೆಯನ್ನು 'ಬಿಲ್ಲು ಮತ್ತು ಕುದುರೆಯ ದಾರಿ' ಎನ್ನುತ್ತಿದ್ದರು, ಕತ್ತಿಗೆ ಅದರಲ್ಲಿ ಎರಡನೆಯ ಸ್ಥಾನ. 1588ರಲ್ಲಿ ಆಗ ಜಪಾನನ್ನು ಆಳುತ್ತಿದ್ದ ತೊಯೊತೊಮಿ ಹಿದೆಯೊಶಿ ರೈತರ ಕೈಯಿಂದ ಕತ್ತಿಗಳನ್ನು ಕಿತ್ತುಕೊಂಡ ಮೇಲೆ ಕತ್ತಿ ಒಂದು ವರ್ಗದ ಗುರುತಾಗುತ್ತ ಬಂತು. 1615ರಲ್ಲಿ ತೊಕುಗಾವಾ ಆಡಳಿತ ಯೋಧ ಮನೆತನಗಳಿಗೆ ಹೊರಡಿಸಿದ ಕಟ್ಟಳೆಯ ಮೊದಲ ಮಾತೇ ಅಕ್ಷರ ಮತ್ತು ಆಯುಧ ಎರಡನ್ನೂ ಅಭ್ಯಾಸ ಮಾಡಬೇಕೆಂದು. ಅಪ್ಪಣೆಯಿಲ್ಲದೆ ಕೋಟೆ ರಿಪೇರಿ ಮಾಡಬಾರದು, ತಮ್ಮತಮ್ಮೊಳಗೆ ಮದುವೆ ಸಂಬಂಧ ಬೆಳೆಸಬಾರದು ಎಂಬ ಆಡಳಿತದ ನಿಯಮಗಳೂ ಅದರಲ್ಲುಂಟು. ಬುಶಿದೊ (ಯೋಧನ ದಾರಿ) ಎಂಬ ಹೆಸರು ಮನೆಮಾತಾದದ್ದು ಮೆಯ್ಜಿ ಕಾಲದಲ್ಲಿ (1868–1912), ಅಂದರೆ 1876ರ ಮಾರ್ಚ್‌ನಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ನಿಷೇಧಿಸಿದ ಅದೇ ಕಾಲದಲ್ಲಿ. ಸದ್ಗುಣಗಳ ಪಟ್ಟಿಯ ಬದಲು ಅದೇ ಕಾಗದದಲ್ಲಿ ಕತ್ತಿಯ ಮರ್ಯಾದೆಯನ್ನು ಅಚ್ಚು ಮಾಡಿದ್ದರೆ ಕೊಂಡವರಿಗೆ ಉಪಯೋಗವಾಗುತ್ತಿತ್ತು. ಕುಳಿತಾಗ ಕತ್ತಿಯನ್ನು ಬಲಬದಿಗೆ ಇಡುತ್ತಾರೆ, ಬಲಗೈಯಿಂದ ಒಮ್ಮೆಲೇ ಸೆಳೆಯಲಾಗದೆ ಎದುರಿನವರಿಗೆ ಭರವಸೆ ಸಿಗಲಿ ಎಂದು. ಒಬ್ಬರ ಒರೆ ಇನ್ನೊಬ್ಬರ ಒರೆಗೆ ತಾಗಿದರೆ ಅವಮಾನ. ಕತ್ತಿಯನ್ನು ದಾಟುವುದು ಅದಕ್ಕಿಂತ ಹೆಚ್ಚಿನ ಅವಮಾನ. ಭಂಡಾರಮನೆಯಲ್ಲಿ ದೈವದ ಕಡ್ತಲೆಗೆ (ಕತ್ತಿಗೆ) ಕೈಮುಗಿಯುವ ನಮ್ಮ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ, ಹೇಳಿದರೆ ಕೂಡಲೇ ಪಾಲಿಸುತ್ತಾರೆ.

ಒರೆಗೆ ಜಪಾನಿನಲ್ಲಿ ಬಳಸುವ ಹೊನೊಕಿ ಮರ ನಮ್ಮ ಸಂಪಿಗೆಯ ಕುಲದ್ದು. ಮೃದು, ಅಂಟು ಕಡಿಮೆ, ಅಲಗಿಗೆ ಗೀರು ಬೀಳಿಸದು. ಈ ಒರೆಯ ಮರ ಅದಲ್ಲ, ಹೊರಗೆ ಮೆರುಗೆಣ್ಣೆ ಇದ್ದರೂ ಬಾಯಿಯ ಒಳಬದಿಗೆ ಏನೂ ಬಳಿದಿಲ್ಲ. ಆಟಿ ತಿಂಗಳ (ಜುಲೈ-ಆಗಸ್ಟ್) ಹೊತ್ತಿಗೆ ಮರ ತೇವ ಕುಡಿದು ಉಬ್ಬಿ, ಎರಡು ಕೈ ಹಾಕಿ ಎಳೆದರೂ ಕತ್ತಿ ಹೊರಬರುವುದು ಕಷ್ಟವಾಯಿತು. ಹೀಗಾದಾಗ ಅಲಗಿನ ಬುಡದ ಹಿತ್ತಾಳೆ ಪಟ್ಟಿಯನ್ನು (ಹಬಾಕಿ) ಅರದಿಂದ ಉಜ್ಜಬೇಡಿ. 400ರ ಉಪ್ಪುಕಾಗದವನ್ನು ತೆಳು ಕಡ್ಡಿಗೆ ಸುತ್ತಿ ಒರೆಯ ಬಾಯಿಯ ಒಳಗೆ ನಾಲ್ಕೈದು ಸಲ ಮಾತ್ರ ಎಳೆಯಿರಿ, ಹಾಕಿ ನೋಡಿ, ಮತ್ತೆ ಎಳೆಯಿರಿ. ಜಾಸ್ತಿ ಉಜ್ಜಿದರೆ ಜನವರಿಯ ಒಣ ಹವೆಗೆ ಮರ ಕುಗ್ಗಿ, ಒರೆಯನ್ನು ಬಗ್ಗಿಸಿದಾಗ ಕತ್ತಿ ತಾನಾಗಿ ಜಾರಿಬೀಳುತ್ತದೆ. ಆಗ ಬಾಯಿಯ ಎರಡು ಚಪ್ಪಟೆ ಬದಿಗೆ ಅರ್ಧ ಮಿ.ಮೀ.ಗಿಂತ ತೆಳುವಾದ ಮರದ ಪದರ ಅಂಟಿಸಬೇಕು. ಕಾಗದ ಬೇಡ, ಅದು ತೇವ ಹಿಡಿದಿಡುತ್ತದೆ. ಬಿಗಿಯಾದ ಒರೆಯಿಂದ ಎಳೆಯುವಾಗ ಎಡಗೈ ಬೆರಳುಗಳು ಅಲಗಿನ ಬಾಯಿ ಇರುವ ಬದಿಯನ್ನು ಬಳಸಿ ಹಿಡಿಯದಿರಲಿ. ಒರೆ ಸೀಳಿದರೆ ಮೊದಲು ಸಿಗುವುದು ಆ ಬೆರಳುಗಳು, ಅಲಗು ಮೊಂಡಾಗಿದ್ದರೂ ಮೊನೆ ಮೊಂಡಲ್ಲ.

ತುಕ್ಕು ಇಲ್ಲಿ ತಪ್ಪಿದ್ದಲ್ಲ. ಕಾರ್ಖಾನೆಯ ದಪ್ಪ ಎಣ್ಣೆಯನ್ನು ಒರೆಸಿ ಹಾಗೇ ಇಟ್ಟ ಭಾಗದಲ್ಲಿ ಹತ್ತೇ ದಿನಕ್ಕೆ ಕೆಂಪು ಚುಕ್ಕಿ ಬಂತು. ಕತ್ತಿಗೆ ಹಚ್ಚುವ ಜಪಾನಿನ ಲವಂಗದ ಎಣ್ಣೆ ಅಂದರೆ ಈಗ ಹೆಚ್ಚಾಗಿ ಖನಿಜ ತೈಲಕ್ಕೆ ತುಸು ಲವಂಗ ಸೇರಿಸಿದ್ದು. ಅದು ಸಿಗದಿದ್ದರೆ ಹೊಲಿಗೆ ಮೆಷಿನ್ ಎಣ್ಣೆ ಸಾಕು. ತೆಂಗಿನೆಣ್ಣೆ ಮಾತ್ರ ಬೇಡ. ಅದು ಕಾಲಕ್ರಮದಲ್ಲಿ ಕನರಿ, ಅಂಟಾಗಿ, ಒರೆಯೊಳಗಿನ ಧೂಳನ್ನೆಲ್ಲ ಅಲಗಿಗೆ ಮೆತ್ತುತ್ತದೆ. ಮೆತ್ತನೆ ಹತ್ತಿಬಟ್ಟೆಯಿಂದ ಹಳೆ ಎಣ್ಣೆ ಒರೆಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಇನ್ನೊಮ್ಮೆ ಒರೆಸಿ, ಎರಡು ಮೂರು ಹನಿ ಹೊಸ ಎಣ್ಣೆಯನ್ನು ಬುಡದಿಂದ ಮೊನೆಯ ಕಡೆಗೆ ಒಂದೇ ದಿಕ್ಕಿನಲ್ಲಿ, ಬೆನ್ನಿನ ಬದಿಯಿಂದ ಹಿಡಿದು ಸವರಿ. ಮಳೆಗಾಲದಲ್ಲಿ 15 ದಿನಕ್ಕೊಮ್ಮೆ, ಬೇಸಗೆಯಲ್ಲಿ ಎರಡು ತಿಂಗಳಿಗೊಮ್ಮೆ. ಎಣ್ಣೆ ಹರಿಯುವಷ್ಟು ಹಾಕಿದರೆ ಒರೆ ಅದನ್ನು ಕುಡಿಯುತ್ತದೆ. ಜೊತೆಗಿನ ಆರೈಕೆ ಕಿಟ್‌ನಲ್ಲಿ ಬಂದ ಬಿಳಿ ಪುಡಿಯ ಚೆಂಡು ಕಲ್ಲಿನ ಪುಡಿ, ಪದೇ ಪದೇ ಬಡಿದರೆ ಗೀರು ಬೀಳುತ್ತದೆ, ಎತ್ತಿಡಿ. ಅಲಗಿನ ಮೇಲೆ ಬಗ್ಗಿ ಮಾತಾಡುವುದೂ ಬೇಡ, ಉಸಿರಿನ ತೇವವೇ ಸಾಕು ಕಲೆಗೆ. ಹಿತ್ತಾಳೆ ದೀಪಕ್ಕೆ ತಿಕ್ಕುವ ಹುಣಸೆಹುಳಿಯನ್ನು ಉಕ್ಕಿಗೆ ತಾಗಿಸಬೇಡಿ. ಆಯುಧಪೂಜೆಯಲ್ಲಿ ಇಡುವವರು ಕುಂಕುಮವನ್ನು ಒರೆಗೆ ಹಚ್ಚಿ, ಹೂವನ್ನು ಅಲಗಿನ ಮೇಲೆ ಇಡದೆ ಪಕ್ಕದಲ್ಲಿಡಿ. ಒಂದು ರಾತ್ರಿ ಸೇವಂತಿಗೆ ಕೂತ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ.

ಯಾರಿಗೆ ಬೇಕು ಇದು? ಕಲಿಕೆ ಶುರುವಿನಲ್ಲಿರುವವರಿಗೆ ಬೇಡ, ಅವರಿಗೆ ಬೊಕ್ಕೆನ್ (ಅಭ್ಯಾಸದ ಮರದ ಕತ್ತಿ) ಸಾಕು. ಇಷ್ಟು ಸಲ ಎಣ್ಣೆಯ ಕಡೆಗೆ ಗಮನ ಕೊಡಲಾಗದವರು ಸತು ಮತ್ತು ಅಲ್ಯೂಮಿನಿಯಂ ಮಿಶ್ರಲೋಹದ ಇಯೈತೊ (ಅಭ್ಯಾಸದ ಮೊಂಡು ಕತ್ತಿ) ಕೊಳ್ಳಲಿ: ಉಕ್ಕಿನ ಹಾಗೆ ಕೆಂಪು ತುಕ್ಕು ಹಿಡಿಯದು, ಆದರೆ ಯಾವುದಕ್ಕೂ ಬಡಿಯಬಾರದು, ಮುರಿಯುತ್ತದೆ. ಉಕ್ಕಿನ ಕತ್ತಿಯೇ ಬೇಕೆನ್ನುವವರು ಇದನ್ನು ಕೊಂಡು, ಗೂಟ ಬದಲಿಸಿ, ಒರೆ ಸರಿಮಾಡಿಸಿಕೊಂಡರೆ ಒಳ್ಳೆಯ ಕತ್ತಿಯೇ ಆಗುತ್ತದೆ. ಹರಿತ ಮಾತ್ರ ಹಾಕಿಸಬೇಡಿ. 9 ಇಂಚಿಗಿಂತ ಉದ್ದದ ಹರಿತ ಅಲಗಿನ ಕತ್ತಿಗಳು ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯೊಳಗೆ ಬರುತ್ತವೆ. ಮೊಂಡು ಎಂದು ಬರೆದ ಖರೀದಿ ರಸೀದಿಯನ್ನು ಜೋಪಾನವಾಗಿಡಿ, ದಾರಿಯಲ್ಲಿ ಬಟ್ಟೆಯ ಚೀಲದೊಳಗೆ ಕಟ್ಟಿಯೇ ಒಯ್ಯಿರಿ.

ಜೊತೆಗೆ ಬರುವ ಸ್ಟ್ಯಾಂಡ್ ಗಟ್ಟಿಯಿದೆ. ಅಲಗಿನ ಬಾಯಿ ಮೇಲಕ್ಕೆ, ಹಿಡಿ ನೋಡುವವರ ಎಡಕ್ಕೆ ಬರುವಂತೆ ಇಡಿ. ಪಡುವಣ ಗೋಡೆಗೆ ತಾಗಿಸದೆ ಒಂದು ಗೇಣು ಮುಂದಕ್ಕೆ ಇಡಿ, ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ.