ದೃಷ್ಟಿ ಗೊಂಬೆ: ಮುಖ ಅದ್ಭುತ, ದಾರ ಮಾತ್ರ ಬದಲಾಯಿಸಿ

ಹೊಸ ಮನೆಯ ಗೇಟಿಗೆ ಅಂತ ಮಾರ್ಕೆಟ್ ಹತ್ತಿರದ ಗ್ರಂಥಿಗೆ ಅಂಗಡಿಯಲ್ಲಿ ಈ ರಾಕ್ಷಸನ ಮುಖ ತಗೊಂಡೆ. 350 ರೂಪಾಯಿ. ಫೈಬರ್‌ನದ್ದು, ಹಾಗಾಗಿ ಹಗುರ. ಕಣ್ಣುಗುಡ್ಡೆ ಹೊರಗೆ ಬಂದಿವೆ, ನಾಲಿಗೆ ಗದ್ದ ದಾಟಿ ಇಳಿದಿದೆ. ಮೀಸೆಯನ್ನು ತೆಳ್ಳನೆ ಕುಂಚದಲ್ಲಿ ಒಂದೊಂದೇ ಕೂದಲಾಗಿ ಎಳೆದಿದ್ದಾರೆ. ಎಡಗಡೆಯದು ಬಲಕ್ಕಿಂತ ಚೂರು ದಪ್ಪ. ಅಚ್ಚಿನಲ್ಲಿ ಮಾಡಿದ ಸಾಮಾನಿನಲ್ಲೂ ಕೈಗುರುತು ಉಳಿದಿದೆ, ನನಗೆ ಅದೇ ಇಷ್ಟ.

ವಿಕಾರವಾಗಿದೆ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ದೇವಸ್ಥಾನದ ಬಾಗಿಲ ಮೇಲೆ ಕೀರ್ತಿಮುಖ ಇರುತ್ತಲ್ಲ, ಅದೂ ಇದೇ ಜಾತಿ ಅಲ್ವಾ? ಶಿವನ ಮಾತು ಕೇಳಿ ತನ್ನ ಮೈಯನ್ನೇ ತಿಂದು, ಮುಖವಷ್ಟೇ ಉಳಿದವನ ಕಥೆ ಅದು. ಹಳೇಬೀಡಿನ ಗೋಡೆಯ ಬುಡದಲ್ಲಿ ಹೊಯ್ಸಳರ ಶಿಲ್ಪಿಗಳು ಮಕರಗಳ ಸಾಲನ್ನೇ ಕೆತ್ತಿದ್ದಾರೆ. ಮೊಸಳೆ ಬಾಯಿ, ಹಂದಿ ಮೈ, ನವಿಲಿನ ಬಾಲ! ಎಷ್ಟು ಹೊತ್ತು ನೋಡಿದರೂ ಸಾಲದು.

ನೋಡುವವರ ಕಣ್ಣು ಮನೆಗಿಂತ ಮೊದಲು ಈ ಮುಖಕ್ಕೆ ತಾಗಬೇಕು ಅನ್ನೋದೇ ದೃಷ್ಟಿ ಗೊಂಬೆಯ ಲೆಕ್ಕ. ಆ ಕೆಲಸವನ್ನು ಇದು ಚೆನ್ನಾಗಿ ಮಾಡುತ್ತಿದೆ. ಸ್ಕೂಲ್ ಮಕ್ಕಳು ನಿಂತು, ತಾವೂ ನಾಲಿಗೆ ಚಾಚಿ ಹೋಗುತ್ತಾರೆ.

ಜೊತೆಗೆ ಕೊಡುವ ಪ್ಲಾಸ್ಟಿಕ್ ದಾರ ತುಂಬಾ ತೆಳು, ತಂತಿ ಹಾಕಿ ಕಟ್ಟಿ. ಅಲ್ಲೇ ಪೂರ್ತಿ ಕೆಂಪು ಮುಖವೂ ಸಿಗುತ್ತೆ. ಅದರಲ್ಲಿ ಹೊಳಪು ಜಾಸ್ತಿ, ಜೀವ ಕಮ್ಮಿ. ಕಪ್ಪು ಮೀಸೆಯದ್ದನ್ನೇ ತಗೊಳ್ಳಿ.