ಒಂದು ಲಕ್ಷ ಕಿಲೋಮೀಟರ್ ದಾಟಿದ ಡೀಸೆಲ್ ಪಿಕಪ್: ಮದ್ದೂರಿನ ಎಳನೀರು ಗಾಡಿಯ ಲೆಕ್ಕ

ಎಲ್ಲರೂ ಮೊದಲು ಕೇಳುವುದು ಮೈಲೇಜನ್ನೇ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ನನ್ನದು ಎರಡೂವರೆ ಲೀಟರ್ ಡೀಸೆಲ್ ಎಂಜಿನ್ನಿನ, 1.7 ಟನ್ ಹೊರುವ ಬಿಎಸ್ 6 (ಹೊಗೆ ಮಿತಿಯ ಸರ್ಕಾರಿ ನಿಯಮ) ಪಿಕಪ್. ಫುಲ್ ಲೋಡಿನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 60–65ರಲ್ಲಿ ಹೋದರೆ ಲೀಟರಿಗೆ 12.5 ಕಿಲೋಮೀಟರ್ ಕೊಡುತ್ತದೆ. ಅದೇ ಲೋಡು, ಅದೇ ದಾರಿ, 80ಕ್ಕೆ ಒತ್ತಿ ಹಿಡಿದರೆ 10.5. ಖಾಲಿ ವಾಪಸ್ ಬರುವಾಗ 14ರ ಆಸುಪಾಸು. ಕೊಪ್ಪ, ಬೆಸಗರಹಳ್ಳಿ ಕಡೆ ತೋಟದಿಂದ ತೋಟಕ್ಕೆ ಹೋಗಿ ಕಾಯಿ ತುಂಬುವಾಗ 9 ಬಂದರೆ ಅದೇ ಹೆಚ್ಚು. ಎಲ್ಲವೂ ಒಂದೇ ಬಂಕಿನಲ್ಲಿ ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ ತೆಗೆದ ಲೆಕ್ಕ. ಮೀಟರ್ ಬೋರ್ಡಿನಲ್ಲಿ ಕಾಣುವ ಸರಾಸರಿಯನ್ನು ನಾನು ನಂಬುವುದಿಲ್ಲ.

ಕಂಪನಿಯ ಹೆಸರು ಇಲ್ಲಿ ಬರೆಯುತ್ತಿಲ್ಲ. ಈ ತೂಕದ ಗಾಡಿಗಳು ಯಾರದೇ ಆದರೂ ನಾನು ಹೇಳುವ ಮಾತು ಹೆಚ್ಚುಕಡಿಮೆ ಹಾಗೇ ಹೊಂದುತ್ತದೆ.

‘ಏನಣ್ಣ, ಎಷ್ಟು ಕೊಡ್ತದೆ ಗಾಡಿ?’ ಎಂದು ಮಾರ್ಕೆಟ್ಟಿನಲ್ಲಿ ಹುಡುಗರು ಕೇಳುತ್ತಾರೆ. ಯಾವ ದಾರಿ, ಎಷ್ಟು ಲೋಡು, ಎಷ್ಟು ಸ್ಪೀಡು ಎಂದು ನಾನು ತಿರುಗಿ ಕೇಳುತ್ತೇನೆ. ಎಂಜಿನ್ ಒಂದೇ ಇದ್ದರೂ ಈ ಮೂರರ ಮೇಲೆ 9ರಿಂದ 14ರವರೆಗೆ ಏರುಪೇರಾಗುತ್ತದೆ. ಅದರಲ್ಲೂ ನಮ್ಮ ಕೈಯಲ್ಲಿರುವುದು ಸ್ಪೀಡು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ, ಅಂದರೆ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. ಪಿಕಪ್ಪಿನ ಮುಖವೋ ಗೋಡೆಯಂತೆ ನೆಟ್ಟಗಿರುತ್ತದೆ. ಮಂಡ್ಯದಿಂದ ಬೆಂಗಳೂರು ಸುಮಾರು 100 ಕಿಲೋಮೀಟರ್. 62ರಲ್ಲಿ ಹೋದರೆ 8 ಲೀಟರ್, 80ರಲ್ಲಿ ಹೋದರೆ ಒಂಬತ್ತೂವರೆ. ಡೀಸೆಲ್ ಲೀಟರಿಗೆ 91 ರೂಪಾಯಿ ಎಂದು ಹಿಡಿದರೆ 135 ರೂಪಾಯಿಗೂ ಹೆಚ್ಚು ವ್ಯತ್ಯಾಸ, ಉಳಿಯುವುದು ಇಪ್ಪತ್ತು ನಿಮಿಷ ಚಿಲ್ಲರೆ. ಮುಂಜಾನೆ ಮಾರ್ಕೆಟ್ ಹಿಡಿಯಬೇಕಾದ ಸೊಪ್ಪಿನ ಲೋಡಾದರೆ ಆ ಇಪ್ಪತ್ತು ನಿಮಿಷಕ್ಕೆ ಬೆಲೆ ಇದೆ. ಎಳನೀರಿಗೆ ಅಷ್ಟು ಅವಸರವಿಲ್ಲ. ಟಾರ್ಪಾಲನ್ನು ಸಡಿಲ ಬಿಟ್ಟು ಪಟಪಟ ಹೊಡೆಯಲು ಬಿಟ್ಟರೂ ಡೀಸೆಲ್ ಹೋಗುತ್ತದೆ. ಹಗ್ಗ ಬಿಗಿಯಾಗಿ ಕಟ್ಟಿಸಿ.

2023ರ ಮಾರ್ಚ್‌ನಲ್ಲಿ ಈ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗುವ ಮುಂಚೆ ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಲ್ಲ ಊರೊಳಗೇ ಹಾದು ಹೋಗಬೇಕಿತ್ತು. ಬ್ರೇಕು, ಕ್ಲಚ್ಚು, ಮತ್ತೆ ಫಸ್ಟ್ ಗೇರು. ಲೋಡಿನ ಗಾಡಿಯನ್ನು ನಿಂತಲ್ಲಿಂದ ಎಳೆಯುವುದೇ ಡೀಸೆಲ್‌ಗೆ ದೊಡ್ಡ ಖರ್ಚು. ಈಗ ಟೋಲ್ ಕಟ್ಟುತ್ತೇವೆ, ಆದರೆ ಕ್ಲಚ್ ಪ್ಲೇಟ್ ಬಾಳುತ್ತದೆ, ಗಾಡಿ ಒಂದೇ ಹದದಲ್ಲಿ ಓಡುತ್ತದೆ. ಫುಲ್ ಲೋಡಿದ್ದರೆ ಟೋಲ್ ಕೊಟ್ಟು ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುವುದೇ ಲಾಭ ಎಂಬುದು ನನ್ನ ಅನುಭವ. ಮಂಡ್ಯದಿಂದ ಮೈಸೂರಿಗೆ ಅರ್ಧ ಲೋಡಿನಲ್ಲಿ ಹೋಗುವಾಗ ಗಣಂಗೂರು ಟೋಲ್ ಕೊಡಬೇಕೇ ಎಂದು ಯೋಚಿಸುತ್ತೇನೆ.

ಇನ್ನು ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಹಳೆ ಗಾಡಿಯಿಂದ ಬಿಎಸ್ 6ಗೆ ಬರುವವರಿಗೆ ಶೋರೂಮಿನಲ್ಲಿ ಇದನ್ನು ಸರಿಯಾಗಿ ಹೇಳಿಕೊಡುವುದಿಲ್ಲ, ಹಾಗಾಗಿ ವಿವರವಾಗಿ ಬರೆಯುತ್ತೇನೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದಾಗ ಡೀಸೆಲ್‌ನಲ್ಲಿದ್ದ ಗಂಧಕ 50 ಪಿಪಿಎಂನಿಂದ (ಹತ್ತು ಲಕ್ಷ ಭಾಗಕ್ಕೆ 50 ಭಾಗ) 10ಕ್ಕೆ ಇಳಿಯಿತು. ಸೈಲೆನ್ಸರ್ ಸಾಲಿನಲ್ಲಿ ಈ ಫಿಲ್ಟರ್ ಬಂತು. ಮಸಿ ತುಂಬುತ್ತಾ ಬಂದ ಹಾಗೆ ಎಂಜಿನ್ ತಾನೇ ಸ್ವಲ್ಪ ಹೆಚ್ಚು ಡೀಸೆಲ್ ಬಿಟ್ಟು, ಹೊಗೆಯ ಬಿಸಿಯನ್ನು 600 ಡಿಗ್ರಿ ಹತ್ತಿರ ಏರಿಸಿ, ಆ ಮಸಿಯನ್ನು ಸುಟ್ಟುಹಾಕುತ್ತದೆ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿದರೆ ಇದು ನಮಗೆ ಗೊತ್ತೇ ಆಗದೆ ಮುಗಿಯುತ್ತದೆ. ತೋಟದ ದಾರಿಯಲ್ಲಿ ಇಪ್ಪತ್ತರ ವೇಗದಲ್ಲಿ ಹೋಗಿ, ನಿಲ್ಲಿಸಿ, ಕಾಯಿ ತುಂಬಿ, ಮತ್ತೆ ಸ್ಟಾರ್ಟ್ ಮಾಡುವ ಕೆಲಸದಲ್ಲಿ ಮುಗಿಯುವುದೇ ಇಲ್ಲ. ಅರ್ಧಕ್ಕೇ ಆಫ್ ಮಾಡಿದರೆ ಸುಡಲೆಂದು ಬಿಟ್ಟ ಡೀಸೆಲ್ ಉಳಿದು ಎಂಜಿನ್ ಆಯಿಲ್ ಜೊತೆ ಬೆರೆಯುತ್ತದೆ. ಡಿಪ್‌ಸ್ಟಿಕ್ ತೆಗೆದಾಗ ಆಯಿಲ್ ಕಮ್ಮಿಯಾಗುವ ಬದಲು ಹೆಚ್ಚಾಗಿದ್ದರೆ ಖುಷಿಪಡಬೇಡಿ, ಅದು ಡೀಸೆಲ್. ಆಯಿಲ್ ತೆಳುವಾಗಿ ಬೇರಿಂಗ್ ತಿನ್ನುತ್ತದೆ.

ನನ್ನ ಗಾಡಿಯಲ್ಲೂ ಫಿಲ್ಟರ್ ತುಂಬಿದೆ ಎನ್ನುವ ಎಚ್ಚರಿಕೆ ದೀಪ ಹತ್ತಿತು. ಮೈಸೂರಿನ ಒಂದು ಸರ್ವೀಸ್ ಸೆಂಟರಿನಲ್ಲಿ ಫಿಲ್ಟರನ್ನೇ ಬದಲಿಸಬೇಕು ಎಂದರು. ಹೇಳಿದ ಮೊತ್ತ ಕೇಳಿ ನಾನು ಒಪ್ಪಲಿಲ್ಲ. ಬೇರೆ ಕಡೆ ಸ್ಕ್ಯಾನರ್ ಹಾಕಿ, ಗಾಡಿ ನಿಲ್ಲಿಸಿಕೊಂಡೇ ಮಸಿ ಸುಡಿಸಿದರು. ಸರಿಹೋಯಿತು, ಇವತ್ತಿಗೂ ಅದೇ ಫಿಲ್ಟರ್ ಇದೆ. ಆಮೇಲಿನಿಂದ ಹಳ್ಳಿ ಕೆಲಸ ಹೆಚ್ಚಿದ್ದ ವಾರದಲ್ಲಿ ಒಂದು ಬೆಂಗಳೂರು ಲೋಡನ್ನಾದರೂ ಹಿಡಿಯುತ್ತೇನೆ. ಆಯಿಲ್ ಹಾಕಿಸುವಾಗ ಕಂಪನಿ ಪುಸ್ತಕದಲ್ಲಿ ಹೇಳಿದ ಕಡಿಮೆ ಬೂದಿಯ ಗ್ರೇಡ್ ಬಿಟ್ಟು ಬೇರೆ ಹಾಕಿಸುವುದಿಲ್ಲ. ಮಸಿ ಸುಟ್ಟುಹೋಗುತ್ತದೆ, ಆಯಿಲ್ ಉರಿದು ಉಳಿಯುವ ಬೂದಿ ಫಿಲ್ಟರಿನಲ್ಲೇ ಕೂರುತ್ತದೆ. ಫಿಲ್ಟರನ್ನು ಒಡೆದು ತೆಗೆಸಿಬಿಡಿ ಎನ್ನುವವರು ಗ್ಯಾರೇಜಿಗೆ ಒಬ್ಬರಾದರೂ ಸಿಗುತ್ತಾರೆ. ದಯವಿಟ್ಟು ಮಾಡಿಸಬೇಡಿ. ಹಿಂದೆ ಬರುವ ಬೈಕಿನವರು, ಲೋಡ್ ಇಳಿಸುವ ಹಮಾಲರು ಕುಡಿಯುವುದು ಆ ಹೊಗೆಯನ್ನೇ. ಹೊಗೆಯ ವಿಷ ತಗ್ಗಿಸಲು ಬಳಸುವ ಡಿಇಎಫ್ ದ್ರವ ಹಾಕುವ ಟ್ಯಾಂಕ್ ನನ್ನ ಗಾಡಿಗಿಲ್ಲ, ಕೆಲವು ಮಾದರಿಗಳಿಗಿದೆ. ಬುಕ್ ಮಾಡುವ ಮುಂಚೆ ಕೇಳಿ, ಅದೂ ತಿಂಗಳ ಖರ್ಚೇ.

ಲೋಡಿನ ವಿಷಯದಲ್ಲಿ ಎಳನೀರು ಮೋಸ ಮಾಡುತ್ತದೆ. ಮಾರುವುದು ಎಣಿಕೆಯಲ್ಲಿ, ಗಾಡಿ ಹೊರುವುದು ತೂಕದಲ್ಲಿ. ಒಂದು ಕಾಯಿ ಒಂದೂವರೆಯಿಂದ ಎರಡು ಕಿಲೋ ಬರುತ್ತದೆ, ಮಳೆಗಾಲದ ತುಂಬಿದ ಕಾಯಿ ಇನ್ನೂ ಭಾರ. ಸಾವಿರ ಕಾಯಿ ಎಂದರೆ ಅಲ್ಲಿಗೆ 1.7 ಟನ್ ಮುಗಿಯಿತು. ಬಾಡಿಯಲ್ಲಿ ಜಾಗ ಇದೆಯಲ್ಲ ಎಂದು ವ್ಯಾಪಾರಿ ಇನ್ನೂ ಮುನ್ನೂರು ಹಾಕಿಸಲು ನೋಡುತ್ತಾನೆ. ಗಾಡಿ ಎಳೆಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಹಿಂದಿನ ಸ್ಪ್ರಿಂಗಿನ ಮೈನ್ ಪ್ಲೇಟು ತುಂಡಾಗುತ್ತದೆ, ಟೈರು ಅಂಚಿನಲ್ಲಿ ಸವೆಯುತ್ತದೆ, ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವುದು ತಡವಾಗುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚಾದ ಪ್ರತಿ ಟನ್ನಿಗೆ 2,000 ದಂಡವಿದೆ. ಮುನ್ನೂರು ಕಾಯಿಯ ಬಾಡಿಗೆಯಲ್ಲಿ ಇದು ಯಾವುದೂ ಹುಟ್ಟುವುದಿಲ್ಲ. ಸ್ಪ್ರಿಂಗಿಗೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸುವವರಿದ್ದಾರೆ, ನಾನು ಹಾಕಿಸಿಲ್ಲ. ಪ್ಲೇಟ್ ಗಟ್ಟಿಯಾದರೆ ಆ ಪೆಟ್ಟು ಚಾಸಿಗೆ ಹೋಗುತ್ತದೆ.

ಈಗ ದುಡ್ಡು. ವರ್ಷಕ್ಕೆ 30,000 ಕಿಲೋಮೀಟರ್, ಸರಾಸರಿ 11.5 ಎಂದು ಹಿಡಿದರೆ ಡೀಸೆಲ್‌ಗೇ 2.37 ಲಕ್ಷ ಬೇಕು. ರಾಜ್ಯದಲ್ಲಿ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಒಮ್ಮೆ, 2025ರ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಏರಿತು, ಬಾಡಿಗೆ ಆ ವೇಗದಲ್ಲಿ ಏರಲಿಲ್ಲ. ಇನ್ನೊಂದು ಗಾಡಿ ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚು ಕೊಡುತ್ತದೆ ಅನ್ನಿ, ವರ್ಷಕ್ಕೆ ಉಳಿಯುವುದು 19,000. ಆ 30,000ದಲ್ಲಿ 12,000 ಕಿಲೋಮೀಟರ್ ಖಾಲಿ ಓಡಿದ್ದರೆ ಅದಕ್ಕೆ ಸುಟ್ಟ ಡೀಸೆಲ್ 78,000 ರೂಪಾಯಿಯದು. ಒಂದು ಕಿಲೋಮೀಟರ್ ಮೈಲೇಜಿಗಾಗಿ ಶೋರೂಮ್ ಶೋರೂಮ್ ಅಲೆಯುವವರು ಈ 78,000ದ ಕಡೆ ನೋಡುವುದೇ ಇಲ್ಲ ಎಂಬುದು ನನಗೆ ಬೇಸರದ ಸಂಗತಿ. ಬೆಂಗಳೂರಿನಿಂದ ಪಿವಿಸಿ ಪೈಪು, ಟೈಲ್ಸ್, ಪಶು ಆಹಾರ, ಮನೆ ಸಾಮಾನು, ಏನು ಸಿಕ್ಕರೂ ಅರ್ಧ ಬಾಡಿಗೆಗಾದರೂ ನಾನು ತುಂಬಿಕೊಂಡು ಬರುತ್ತೇನೆ. ನನ್ನ ಗಾಡಿಯ ಕಂತು ತಪ್ಪದೆ ತೀರಿದ್ದು ಈ ರಿಟರ್ನ್ ಲೋಡಿನಿಂದ.

ಉಳಿದ ಖರ್ಚು ಬೇಗ ಹೇಳುತ್ತೇನೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಜಿಎಸ್‌ಟಿ ಬಿಟ್ಟು 16,000ದ ಮೇಲೆ. ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್) ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸಿನಲ್ಲೇ 7,500 ಕಿಲೋವರೆಗಿನ ಸಾಗಣೆ ವಾಹನ ಓಡಿಸಬಹುದೆಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮಂಥವರಿಗೆ ದೊಡ್ಡ ನೆಮ್ಮದಿ. ಸ್ಟೀರಿಂಗ್ ಹಗುರ, ಸೀಟು ಸಾಧಾರಣ, ಬೇಸಿಗೆಯಲ್ಲಿ ಕ್ಯಾಬಿನ್ ಬಿಸಿಯಾಗುತ್ತದೆ.

ತಗೊಳ್ಳುವವರಿಗೆ ಹೇಳುವುದಿಷ್ಟು. ದಿನವೂ ಮಂಡ್ಯ ಪೇಟೆಯೊಳಗೇ, ಹತ್ತು ಹದಿನೈದು ಕಿಲೋಮೀಟರ್ ಸುತ್ತಾಟದ ಕೆಲಸವಾದರೆ ಈ ದೊಡ್ಡ ಡೀಸೆಲ್ ಗಾಡಿ ಬೇಡ, ಚಿಕ್ಕ ಸಿಎನ್‌ಜಿ ಅಥವಾ ಪೆಟ್ರೋಲ್ ಗಾಡಿ ಸಾಕು. ಮೈಸೂರಿನ ಬಂಡಿಪಾಳ್ಯ ಮಾರ್ಕೆಟ್ಟಿಗೆ ತರಕಾರಿ, ಬೆಂಗಳೂರಿಗೆ ಕಾಯಿ ಅಥವಾ ಬೆಲ್ಲ ಹಾಕುವವರು ಧೈರ್ಯವಾಗಿ ತಗೊಳ್ಳಿ. ಶೋರೂಮಿನ ಖಾಲಿ ಗಾಡಿ ಓಡಿಸಿ ತೀರ್ಮಾನಿಸಬೇಡಿ. ಅದೇ ಮಾದರಿ ಇಟ್ಟುಕೊಂಡಿರುವ ಪರಿಚಯದವರ ಜೊತೆ ಒಂದು ಲೋಡಿಗೆ ಕೂತು ಹೋಗಿ, ಬಂಕಿನಲ್ಲಿ ಎಷ್ಟು ಲೀಟರ್ ಹಿಡಿಯಿತು ಎಂದು ನೀವೇ ನೋಡಿ. ಬರುವಾಗ ಅವರು ಏನು ತುಂಬಿಕೊಂಡು ಬರುತ್ತಾರೆ, ಯಾರ ಹತ್ತಿರ ಆ ಲೋಡ್ ಹಿಡಿಯುತ್ತಾರೆ ಎಂಬುದನ್ನೂ ಕೇಳಿಕೊಳ್ಳಿ.