ಕಳ್ಳ ಚೌಕವನ್ನು ಹಿಡಿದುಕೊಟ್ಟ ಜಿಯೋಜಿಬ್ರಾ

ನಾನು ಜೇವರ್ಗಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಮನೆ ಕಲಬುರಗಿಯಲ್ಲಿ. ದಿನಾ ಬಸ್ಸು, ಕಟ್ಟಿ ಸಂಗಾವಿ ಸೇತುವೆ ದಾಟಿ ಆಚೆ ಹೋಗಬೇಕು. ಅದೇ ಬಸ್ಸಿನಲ್ಲಿ ಬೇರೆ ಬೇರೆ ಊರಿನ ಮೇಷ್ಟ್ರುಗಳೂ ಇರುತ್ತಾರೆ. ಮೂರು ವರ್ಷದಿಂದ ನಾನು ಕ್ಲಾಸಿನಲ್ಲಿ ಜಿಯೋಜಿಬ್ರಾ ಎಂಬ ಗಣಿತದ ಸಾಫ್ಟ್‌ವೇರ್ ಬಳಸುತ್ತಿರುವುದು ಅವರಿಗೆ ಗೊತ್ತು. ಎಲ್ಲರದ್ದೂ ಒಂದೇ ಪ್ರಶ್ನೆ: "ಅದರಿಂದ ಮಕ್ಕಳಿಗೆ ಖರೇ ತಿಳೀತದೇನ್ರಿ, ಇಲ್ಲ ಬರೇ ತೋರಿಸಾಕಷ್ಟೇನು?" ಬಸ್ಸಿನ ಗದ್ದಲದಲ್ಲಿ ಪೂರ್ತಿ ಹೇಳಲು ಆಗಲಿಲ್ಲ. ಇಲ್ಲಿ ಹೇಳುತ್ತೇನೆ.

ಮೊದಲು ನಮ್ಮ ಪರಿಸ್ಥಿತಿ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲೇ ಕೊನೆ. 2025ರಲ್ಲಿ ನಮ್ಮ ಕಲಬುರಗಿ ಕೊನೆ. ಆ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ಮಕ್ಕಳು ದಡ್ಡರಲ್ಲ. ತೊಗರಿ ರಾಶಿಯ ಸಮಯದಲ್ಲಿ ಎಷ್ಟು ಕ್ವಿಂಟಾಲಿಗೆ ಎಷ್ಟು ದುಡ್ಡು ಅಂತ ಬಾಯಲ್ಲೇ ಲೆಕ್ಕ ಹೇಳುತ್ತಾರೆ. ಅದೇ ಹುಡುಗರು ಪ್ರಮೇಯವನ್ನು ಮಾತ್ರ ಕಂಠಪಾಠ ಮಾಡುತ್ತಾರೆ. ಚಿತ್ರದಲ್ಲಿ ಎ, ಬಿ, ಸಿ ಬದಲು ಪಿ, ಕ್ಯೂ, ಆರ್ ಇಟ್ಟರೆ ಅಲ್ಲೇ ನಿಂತುಬಿಡುತ್ತಾರೆ. ಇದು ನನಗೆ ಬಹಳ ನೋವು ಕೊಟ್ಟ ವಿಷಯ.

ಜಿಯೋಜಿಬ್ರಾ ಎಂದರೆ ಜ್ಯಾಮಿತಿಯನ್ನೂ ಬೀಜಗಣಿತವನ್ನೂ ಒಂದೇ ಪರದೆಯಲ್ಲಿ ಕೂರಿಸುವ ಸಾಫ್ಟ್‌ವೇರ್. ಹೆಸರು ಬಂದದ್ದೂ ಆ ಎರಡು ಪದಗಳನ್ನು ಸೇರಿಸಿಯೇ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಇದನ್ನು ಶುರು ಮಾಡಿದರು. ಶಾಲೆಯ ಬಳಕೆಗೆ ಪೂರ್ತಿ ಉಚಿತ. ಎಡಗಡೆ ಸಮೀಕರಣ ಬರೆದರೆ ಬಲಗಡೆ ರೇಖೆ ಬರುತ್ತದೆ. ರೇಖೆಯನ್ನು ಬೆರಳಲ್ಲಿ ಎಳೆದರೆ ಸಮೀಕರಣ ಬದಲಾಗುತ್ತದೆ. ಕರಿಹಲಗೆಯ ಮೇಲೆ ಬರೆದ ತ್ರಿಭುಜ ಬರೆದಲ್ಲೇ ಇರುತ್ತದೆ, ಇಲ್ಲಿನ ತ್ರಿಭುಜದ ಶೃಂಗವನ್ನು ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದು.

ಮೊದಲನೇ ವರ್ಷ ನಾನು ಮಾಡಿದ್ದು ತಪ್ಪು. ಪ್ರೊಜೆಕ್ಟರ್ ಹಾಕಿ ನೇರವಾಗಿ ಎಲ್ಲ ತೋರಿಸಿದೆ. ವೃತ್ತ, ಸ್ಪರ್ಶಕ, ಪರವಲಯ (ಪ್ಯಾರಾಬೋಲ), ಒಂದಾದ ಮೇಲೆ ಒಂದು. ಮಕ್ಕಳು ಟೀವಿ ನೋಡಿದ ಹಾಗೆ ನೋಡಿದರು. ಖುಷಿಪಟ್ಟರು. ಮರುದಿನ ಕೇಳಿದರೆ ಏನೂ ಉಳಿದಿರಲಿಲ್ಲ. ಯಾಕೆ ಅಂತ ಎಷ್ಟೋ ದಿನ ಯೋಚಿಸಿದೆ. ಅವರ ಮನಸ್ಸಿನಲ್ಲಿ ಪ್ರಶ್ನೆಯೇ ಇರಲಿಲ್ಲ. ನಾನು ಬರೀ ಉತ್ತರ ತೋರಿಸುತ್ತಿದ್ದೆ.

ಎರಡನೇ ವರ್ಷ ಕ್ರಮ ಬದಲಾಯಿಸಿದೆ. ಮೊದಲು ಕೈಯಲ್ಲಿ ಒಂದು ಒಗಟು, ಆಮೇಲೆ ಕಂಪ್ಯೂಟರ್. ಅದರಲ್ಲಿ ನಮ್ಮ ಮಕ್ಕಳ ಅಚ್ಚುಮೆಚ್ಚಿನದು ಅವರೇ "ಕಳ್ಳ ಚೌಕ" ಎಂದು ಹೆಸರಿಟ್ಟ ಒಗಟು. ಇದು ಹಳೆಯದು, ನಾನು ಕಂಡುಹಿಡಿದದ್ದಲ್ಲ.

1 ಸೆಂಟಿಮೀಟರ್ ಚೌಕಗಳಿರುವ ಹಾಳೆಯಲ್ಲಿ 8 ಅಡ್ಡ, 8 ಉದ್ದದ ಒಂದು ಚೌಕ ಕತ್ತರಿಸಿ. ಒಟ್ಟು 64 ಮನೆ. ಅದನ್ನು ಅಡ್ಡಲಾಗಿ 5 ಮತ್ತು 3 ಆಗುವಂತೆ ಸೀಳಿ. 3ರ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ಲಂಬಕೋನ ತ್ರಿಭುಜ ಬರುತ್ತವೆ. 5ರ ಪಟ್ಟಿಯನ್ನು ಓರೆಯಾಗಿ ಕತ್ತರಿಸಿ ಎರಡು ತ್ರಾಪಿಜ್ಯ ಮಾಡಿ, ಒಂದೊಂದರ ಸಮಾಂತರ ಬಾಹು 5 ಮತ್ತು 3. ಈಗ ಈ ನಾಲ್ಕು ತುಂಡುಗಳನ್ನು ಬೇರೆ ಥರ ಜೋಡಿಸಿದರೆ 13 ಉದ್ದ, 5 ಅಗಲದ ಆಯತ ಆಗುತ್ತದೆ. 13 ಗುಣಿಸು 5, ಅಂದರೆ 65.

ನಾನು ಏನೂ ಹೇಳದೆ ಸುಮ್ನೆ ನಿಂತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಮೇಡಂರಿ, ಒಂದು ಚೌಕ ಜಾಸ್ತಿ ಬಂತ್ರಿ. ಎಲ್ಲಿಂದ ಬಂತ್ರಿ?" ಅಂದ. ಇನ್ನೊಬ್ಬಳು, "ನೀ ತಪ್ಪು ಎಣಿಸಿದಿ" ಅಂತ ಜಗಳ ತೆಗೆದಳು. ಮತ್ತೆ ಎಣಿಸಿದರು. ಮತ್ತೆ ಕತ್ತರಿಸಿದರು. ಬೆಲ್ಲಾಯಿತು, ಯಾರೂ ಏಳಲಿಲ್ಲ. ಮಧ್ಯಾಹ್ನದ ಊಟಕ್ಕೂ ಆ ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡೇ ಹೋದರು. ನಾನು ಉತ್ತರ ಹೇಳಲಿಲ್ಲ. ಒಂದು ಇಡೀ ದಿನ ಹೇಳಲಿಲ್ಲ. ಇದು ಬಹಳ ಮುಖ್ಯ.

ಮರುದಿನ ಲ್ಯಾಬಿಗೆ ಕರೆದುಕೊಂಡು ಹೋದೆ. ಆ ಆಯತವನ್ನೇ ಜಿಯೋಜಿಬ್ರಾದಲ್ಲಿ ಬಿಂದು ಬಿಂದು ಇಟ್ಟು ಬರೆಯಲು ಹೇಳಿದೆ. ಮೂಲಬಿಂದುವಿನಿಂದ (8, 3)ಕ್ಕೆ ಒಂದು ಗೆರೆ, ಅಲ್ಲಿಂದ (13, 5)ಕ್ಕೆ ಇನ್ನೊಂದು. ನೋಡಲು ಒಂದೇ ಗೆರೆ ಇದ್ದ ಹಾಗಿದೆ. "ಇಳಿಜಾರು ಕೇಳಿ ನೋಡ್ರಿ" ಅಂದೆ. ಮೊದಲನೆಯದು 8 ಅಡ್ಡಕ್ಕೆ 3 ಏರುತ್ತದೆ, ಅಂದರೆ 0.375. ಎರಡನೆಯದು 5 ಅಡ್ಡಕ್ಕೆ 2, ಅಂದರೆ 0.4. ಎರಡೂ ಒಂದೇ ಅಲ್ಲ. ಹಾಗಾದರೆ ಅದು ಒಂದೇ ಗೆರೆ ಅಲ್ಲವೇ ಅಲ್ಲ!

ಪರದೆಯನ್ನು ದೊಡ್ಡದು ಮಾಡುತ್ತ ಹೋದರು. ನಡುವೆ ತೆಳ್ಳಗೆ ಒಂದು ಸಂದಿ ಬಾಯಿ ಬಿಟ್ಟಿತು. (0, 0), (8, 3), (13, 5), (5, 2) ಈ ನಾಲ್ಕು ಬಿಂದುಗಳನ್ನು ಸೇರಿಸಿ ಬಹುಭುಜ ಮಾಡಿ ವಿಸ್ತೀರ್ಣ ಕೇಳಿದಾಗ ಜಿಯೋಜಿಬ್ರಾ ತೋರಿಸಿದ್ದು 1. ಸರಿಯಾಗಿ 1. ಕಳ್ಳ ಸಿಕ್ಕಿಬಿದ್ದ. ಆ ಕೋಣೆಯಲ್ಲಿ ಎದ್ದ ಕೂಗು ಪಕ್ಕದ ಸಮಾಜ ವಿಜ್ಞಾನದ ಕ್ಲಾಸಿಗೂ ಕೇಳಿಸಿತು.

ಕಾಗದದಲ್ಲಿ ಆ ಸಂದಿ ಕಾಣುವುದಿಲ್ಲ. ಅತಿ ದಪ್ಪ ಇರುವ ಕಡೆಯೂ ಒಂದು ಮಿಲಿಮೀಟರ್ ಚಿಲ್ಲರೆ ಅಷ್ಟೇ. ನಮ್ಮ ಕತ್ತರಿಯ ತಪ್ಪು ಅದನ್ನು ಮುಚ್ಚಿಬಿಡುತ್ತದೆ. ಸಾಫ್ಟ್‌ವೇರಿನ ನಿಜವಾದ ಉಪಯೋಗ ಇಲ್ಲಿದೆ, ಕಣ್ಣಿಗೆ ಸಿಗದ್ದನ್ನು ಹಿಗ್ಗಿಸಿ ತೋರಿಸುವುದು. ಆದರೆ ಹಿಂದಿನ ದಿನ ಕಾಗದ ಕತ್ತರಿಸದೇ ಇದ್ದಿದ್ದರೆ ಆ 1 ಯಾರಿಗೆ ಬೇಕಿತ್ತು? ಅವತ್ತಿನಿಂದ "ಇಳಿಜಾರು" ಎಂಬ ಪದವನ್ನು ನಾನು ಅವರಿಗೆ ಇನ್ನೊಮ್ಮೆ ಹೇಳಿಕೊಡಬೇಕಾಗಿ ಬಂದಿಲ್ಲ. ಒಬ್ಬಳು ಮನೆಯಲ್ಲಿ 13 ಅಡ್ಡ, 13 ಉದ್ದದ ಚೌಕ ಮಾಡಿ, 8 ಮತ್ತು 21ರ ಆಯತಕ್ಕೆ ಜೋಡಿಸಿ ತಂದಳು. ಅಲ್ಲಿ 169 ಇದ್ದದ್ದು 168 ಆಗುತ್ತದೆ, ಒಂದು ಕಡಿಮೆ. "ಈ ಸಲ ಸಂದಿ ಅಲ್ರಿ, ಒಂದರ ಮ್ಯಾಲೊಂದು ಕುಂತಾವ" ಎಂದು ಅವಳೇ ವಿವರಿಸಿದಳು. ನಾನು ಹೇಳಿಕೊಟ್ಟಿರಲಿಲ್ಲ.

ಇನ್ನು ತೊಂದರೆಗಳು. ತ್ರಿಭುಜದ ಮೂರು ಕೋನಗಳ ಮೊತ್ತ ತೋರಿಸುವ ದಿನ ಒಂದು ಗುಂಪಿಗೆ 900 ಡಿಗ್ರಿ ಬಂತು. ಮಕ್ಕಳು ಹೆದರಿದರು. ಆಗಿದ್ದೇನೆಂದರೆ, ಜಿಯೋಜಿಬ್ರಾದಲ್ಲಿ ಕೋನ ಅಳೆಯಲು ಬಿಂದುಗಳನ್ನು ಯಾವ ಕ್ರಮದಲ್ಲಿ ಒತ್ತುತ್ತೀರಿ ಎನ್ನುವುದು ಮುಖ್ಯ. ಕ್ರಮ ತಿರುಗಿದರೆ ಒಳಗಿನ 60ರ ಬದಲು ಹೊರಗಿನ 300 ತೋರಿಸುತ್ತದೆ. ಮೂರೂ ಹಾಗೇ ಆದರೆ 1080ರಲ್ಲಿ 180 ಕಳೆದು 900. ಸೆಟ್ಟಿಂಗಿಗೆ ಹೋಗಿ ಕೋನ 0ಯಿಂದ 180ರ ಒಳಗೆ ಇರಲಿ ಎಂದು ಹೇಳಿದರೆ ಸರಿಹೋಗುತ್ತದೆ. ಹೊಸದಾಗಿ ಶುರು ಮಾಡುವವರು ಇದನ್ನು ಮೊದಲೇ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಇಡೀ ಪೀರಿಯಡ್ ಹೋಗುತ್ತದೆ.

ಅದೇ ದಿನ ಇನ್ನೊಂದು ಗುಂಪು, "ನಮ್ಮದು 180.01 ಬಂದದ್ರಿ" ಅಂದಿತು. ಅದು ಎರಡು ದಶಮಾಂಶಕ್ಕೆ ಅಂಕಿಯನ್ನು ಹತ್ತಿರದ ಬೆಲೆಗೆ ಅಂದಾಜು ಮಾಡಿದ್ದರಿಂದ ಆದದ್ದು. ಪರದೆಯಲ್ಲಿ ಕಂಡ ಮೂರು ಅಂಕಿ ಕೂಡಿಸಿದರೆ ಕೆಲವು ಸಲ ಹಾಗೆ ಬರುತ್ತದೆ. ದಶಮಾಂಶ ಸ್ಥಾನ ಹೆಚ್ಚಿಸಿದಾಗ ವ್ಯತ್ಯಾಸ ಕುಗ್ಗಿತು. ಆದರೆ ಆ ಹುಡುಗ ಬಿಡಲಿಲ್ಲ: "ಇನ್ನೂ ಹೆಚ್ಚು ಮಾಡಿದರ ಖರೇ 180 ಆಗ್ತದಂತ ಹೆಂಗ ಗೊತ್ತು?" ನನಗೆ ಆ ಪ್ರಶ್ನೆಗಿಂತ ದೊಡ್ಡ ಬಹುಮಾನ ಬೇಕಿರಲಿಲ್ಲ. ಅಳತೆಯಿಂದ ಗೊತ್ತಾಗುವುದಿಲ್ಲ, ಅದಕ್ಕೇ ಸಾಧನೆ, ಅಂದರೆ ತರ್ಕದಿಂದ ಕೊಡುವ ಪುರಾವೆ ಬೇಕು. ಕಂಪ್ಯೂಟರ್ ಆರಿಸಿ, ಶೃಂಗದ ಮೂಲಕ ಎದುರು ಬಾಹುವಿಗೆ ಒಂದು ಸಮಾಂತರ ರೇಖೆ ಎಳೆದು ಪರ್ಯಾಯ ಕೋನಗಳನ್ನು ತೋರಿಸಿದೆ. ಎರಡು ನಿಮಿಷದ ಕೆಲಸ. ಸಾಧನೆ ಯಾಕೆ ಬೇಕು ಎಂದು ಅಷ್ಟು ವರ್ಷ ಬಾಯಲ್ಲಿ ಹೇಳಿ ಸೋತಿದ್ದೆ.

ಹತ್ತನೇ ತರಗತಿಯ ಥೇಲ್ಸ್ ಪ್ರಮೇಯಕ್ಕೂ (ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ) ಈಗ ಇದೇ ದಾರಿ. ಸಮಾಂತರ ರೇಖೆಯನ್ನು ಮೇಲೆ ಕೆಳಗೆ ಎಳೆಯುತ್ತಾರೆ, ಎರಡು ಅನುಪಾತಗಳು ಒಟ್ಟಿಗೆ ಬದಲಾಗುವುದನ್ನು ನೋಡುತ್ತಾರೆ, ಆಮೇಲೆ ಪುಸ್ತಕ ತೆರೆಯುತ್ತಾರೆ. ಪರವಲಯಕ್ಕೆ (y = ax² + bx + c) ಎ, ಬಿ, ಸಿ ಎಂಬ ಮೂರು ಸ್ಲೈಡರ್, ಅಂದರೆ ಎಳೆದರೆ ಬೆಲೆ ಬದಲಾಗುವ ಗುಂಡಿ, ಇಡುತ್ತೇನೆ. ಸಿ ಎಳೆದರೆ ಮೇಲೆ ಕೆಳಗೆ ಹೋಗುತ್ತದೆ. ಬಿ ಎಳೆದರೆ ಪಕ್ಕಕ್ಕೆ ಮಾತ್ರ ಸರಿಯುತ್ತದೆ ಎಂದು ಎಲ್ಲರೂ ಊಹಿಸುತ್ತಾರೆ. ಹಾಗಾಗುವುದಿಲ್ಲ. ಅದರ ಶೃಂಗ ಇನ್ನೊಂದು ಪರವಲಯದ ಮೇಲೆ, ತಲೆಕೆಳಗಾದ ಒಂದರ ಮೇಲೆ ನಡೆಯುತ್ತದೆ. ಶೃಂಗದ ಜಾಡು ಉಳಿಯುವಂತೆ ಮಾಡಿ ತೋರಿಸಿ ನೋಡಿ.

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಒಂದು ಸಲ ಮಕ್ಕಳನ್ನು ಕರೆದುಕೊಂಡು ಬಂದಿದ್ದೆ. 1367ರ ಕಟ್ಟಡ. ಒಳಗೆ ತೆರೆದ ಅಂಗಳ ಇಲ್ಲ, ಇಡೀ ಮೇಲ್ಭಾಗ ಗುಮ್ಮಟಗಳಿಂದ ಮುಚ್ಚಿದೆ. ಬದಿಯ ಸಾಲಿನಲ್ಲಿ ಅಗಲವಾದ, ತಗ್ಗಿನಿಂದಲೇ ಏಳುವ ಕಮಾನುಗಳಿವೆ. ಮಕ್ಕಳು ಎದುರಿಗೆ ನೇರ ನಿಂತು ಫೋಟೋ ತೆಗೆದರು. ಶಾಲೆಯಲ್ಲಿ ಆ ಫೋಟೋವನ್ನು ಜಿಯೋಜಿಬ್ರಾದ ಹಿನ್ನೆಲೆಗೆ ಹಾಕಿ, ಕಮಾನಿನ ಮೇಲೆ ಪರವಲಯ ಕೂರಿಸಲು ಹೊರಟರು. ಕೂರಲಿಲ್ಲ. ತುದಿ ಚೂಪು, ಪರವಲಯದ ತಲೆ ದುಂಡಗೆ. ಆಗ ಒಬ್ಬ ಎರಡು ವೃತ್ತ ಹಾಕಿ ನೋಡಿದ. ತುದಿಯ ಹತ್ತಿರ ಚೆನ್ನಾಗಿ ಹೊಂದಿತು, ಬುಡದಲ್ಲಿ ಸ್ವಲ್ಪ ಬಿಟ್ಟುಕೊಂಡಿತು. ಇನ್ನೆರಡು ಸಣ್ಣ ವೃತ್ತ ಬೇಕೇನೋ ಎಂದು ಈಗಲೂ ವಾದ ನಡೆದಿದೆ. ಫೋಟೋ ಓರೆಯಾಗಿದ್ದರೆ ಎಲ್ಲ ಅಳತೆಯೂ ಕೆಡುತ್ತದೆ, ಅದನ್ನೂ ಕಲಿತರು.

ನಮ್ಮ ಲ್ಯಾಬಿನ ಕಂಪ್ಯೂಟರ್‌ಗಳು ಹಳೆಯವು. ಅವುಗಳಲ್ಲಿ ಜಿಯೋಜಿಬ್ರಾ ಕ್ಲಾಸಿಕ್ 5 ಹಾಕಿದ್ದೇನೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಬೇಡ. ಫೈಲುಗಳು ಬಹಳ ಚಿಕ್ಕವು, ಪೆನ್‌ಡ್ರೈವ್‌ನಲ್ಲೋ ವಾಟ್ಸಾಪ್‌ನಲ್ಲೋ ಸುಲಭವಾಗಿ ಹೋಗುತ್ತವೆ. ಕರೆಂಟ್ ಹೋದರೆ ಮಾತ್ರ ಕಷ್ಟ. ಏಪ್ರಿಲ್ ಹತ್ತಿರ ಬಂದಂತೆ ಲ್ಯಾಬಿನಲ್ಲಿ ಫ್ಯಾನ್ ಇಲ್ಲದೆ ಹತ್ತು ನಿಮಿಷ ಕೂರಲು ಆಗುವುದಿಲ್ಲ. ಆಗ ನನ್ನ ಫೋನ್, ಇನ್ನಿಬ್ಬರು ಶಿಕ್ಷಕರ ಫೋನ್ ತೆಗೆದು, ಗಿಡದ ಕೆಳಗೆ ಗುಂಪು ಮಾಡಿ ಕೂರಿಸುತ್ತೇನೆ. ಫೋನಿನ ಜಿಯೋಜಿಬ್ರಾವೂ ಇಂಟರ್ನೆಟ್ ಇಲ್ಲದೆ ಕೆಲಸ ಮಾಡುತ್ತದೆ. ಪರದೆ ಸಣ್ಣದು, ಬಿಂದು ಹಿಡಿಯಲು ಹೋದರೆ ಇಡೀ ಚಿತ್ರ ಸರಿದುಬಿಡುತ್ತದೆ. ಒಂದು ಫೋನಿಗೆ ನಾಲ್ಕು ಮಕ್ಕಳಿಗಿಂತ ಜಾಸ್ತಿ ಬೇಡ.

ಭಾಷೆಯದ್ದು ನನ್ನ ದೊಡ್ಡ ಕೊರಗು. ನಮ್ಮಲ್ಲಿ ಮೆನು ಇಂಗ್ಲಿಷಿನಲ್ಲೇ ಇದೆ. ನಮ್ಮದು ಕನ್ನಡ ಮಾಧ್ಯಮ. ಮಗುವಿಗೆ ಲಂಬಾರ್ಧಕ ಗೊತ್ತು, ಬೈಸೆಕ್ಟರ್ ಗೊತ್ತಿಲ್ಲ. ಅದಕ್ಕೆ ಗೋಡೆಗೆ ಒಂದು ಚಾರ್ಟ್ ಅಂಟಿಸಿದ್ದೇವೆ. ಪ್ರತಿ ಗುಂಡಿಯ ಚಿತ್ರ, ಪಕ್ಕದಲ್ಲಿ ಕನ್ನಡ ಪದ: ರೇಖಾಖಂಡ, ಸ್ಪರ್ಶಕ, ಲಂಬಾರ್ಧಕ, ಕೋನಾರ್ಧಕ. ಚಿತ್ರದ ಮೇಲಿನ ಹೆಸರುಗಳನ್ನು ಕನ್ನಡದಲ್ಲಿ ಟೈಪ್ ಮಾಡಬಹುದು. ಮೂರು ವಾರದಲ್ಲಿ ಮಕ್ಕಳು ಚಾರ್ಟ್ ನೋಡುವುದನ್ನು ಬಿಟ್ಟರು.

ಒಗಟಿನ ಸಾಮಾನು ದುಡ್ಡು ಕೊಟ್ಟು ತರಬೇಡಿ. ನಾನು ನಗರದ ಒಂದು ಅಂಗಡಿಯಿಂದ ಮರದ ಟ್ಯಾಂಗ್ರಾಂ (ಏಳು ತುಂಡು ಜೋಡಿಸಿ ಚೌಕ ಮಾಡುವ ಒಗಟು) ಸೆಟ್ ತಂದಿದ್ದೆ. ಏಳು ತುಂಡುಗಳಲ್ಲಿ ಎರಡು ಸರಿಯಾದ ಅಳತೆಯವಲ್ಲ, ಚೌಕವೇ ಕೂಡಲಿಲ್ಲ. ಬದಲಾಯಿಸಿಯೂ ಕೊಡಲಿಲ್ಲ. ಮದುವೆ ಕಾರ್ಡು, ಸೀರೆಯ ಡಬ್ಬಿಯ ರಟ್ಟು ಸಾಕು. ಹನೋಯ್ ಗೋಪುರ ಎಂದರೆ ಮೂರು ಕಂಬಗಳ ಒಗಟು: ಚಿಕ್ಕದರ ಮೇಲೆ ದೊಡ್ಡದು ಕೂರದಂತೆ ಬಿಲ್ಲೆಗಳನ್ನು ಒಂದೊಂದಾಗಿ ಒಂದು ಕಂಬದಿಂದ ಇನ್ನೊಂದಕ್ಕೆ ಸಾಗಿಸಬೇಕು. ಅದಕ್ಕೆ ನಮ್ಮ ಹುಡುಗಿಯರು ಬೇರೆ ಬೇರೆ ಗಾತ್ರದ ಬಳೆ ತಂದರು. 3 ಬಳೆಗೆ 7 ನಡೆ, 4ಕ್ಕೆ 15, 5ಕ್ಕೆ 31. ಆರಕ್ಕೆ ಎಷ್ಟು ಎಂದು ಕೇಳುವ ಮೊದಲೇ ಉತ್ತರ ಬರುತ್ತದೆ.

ಅಂಕ ಏರಿತೇ ಎಂದು ಬಸ್ಸಿನಲ್ಲಿ ಕೇಳುತ್ತಾರೆ. ಇಷ್ಟು ಏರಿತು ಎಂದು ಅಂಕಿ ಕೊಟ್ಟು ನಿಮಗೆ ಆಸೆ ಹುಟ್ಟಿಸಲು ನನಗೆ ಮನಸ್ಸಿಲ್ಲ. 80 ಅಂಕದ ಪರೀಕ್ಷೆಗೆ ಕೈಯಲ್ಲಿ ಬರೆದು ರೂಢಿ ಮಾಡಲೇಬೇಕು, ಆ ಕೆಲಸವನ್ನು ಯಾವ ಸಾಫ್ಟ್‌ವೇರೂ ಮಾಡಿಕೊಡುವುದಿಲ್ಲ. ಪಿ, ಕ್ಯೂ, ಆರ್ ಬಂದಾಗ ನಿಂತುಬಿಡುತ್ತಿದ್ದರು ಅಂದೆನಲ್ಲ, ಅದು ಕಡಿಮೆಯಾಗಿದೆ. ಎಳೆದು ಎಳೆದು ನೋಡಿದ ತ್ರಿಭುಜಕ್ಕೆ ಯಾವ ಹೆಸರಿಟ್ಟರೂ ಅವರಿಗೆ ಅದು ಅದೇ ತ್ರಿಭುಜ. ವಾರಕ್ಕೆ ಒಂದು ಪೀರಿಯಡ್ ಕೊಟ್ಟರೆ ಸಾಕು, ದಿನಾ ಬೇಡ. ಶುರು ಮಾಡುವವರು ಕಳ್ಳ ಚೌಕದಿಂದಲೇ ಶುರು ಮಾಡಿ. ಮೊದಲ ದಿನ ಕತ್ತರಿ ಮತ್ತು ಹಾಳೆ ಮಾತ್ರ ಕೊಡಿ, ಲ್ಯಾಬಿನ ಬೀಗ ಮರುದಿನ ತೆಗೆಯಿರಿ.